ರಟ್ಟಿನ ಮನೆಯ ಪರಪುರುಷ

ಹೊಟ್ಟೆಕಿಚ್ಚು ಎನ್ನುವುದು ನನ್ನ ರಕ್ತದಲ್ಲೇ ಇಲ್ಲ! ಕಚೇರಿಯಲ್ಲಿ ಪಕ್ಕದ ಮೇಜಿನವನಿಗೆ ಬಡ್ತಿ ಸಿಕ್ಕಾಗ ಎಲ್ಲರಿಗಿಂತ ಮೊದಲು ಕೈ ಕುಲುಕಿದವನು ನಾನು. ಎದುರು ಮನೆಯವರು ಹೊಸ ಕಾರು ತಂದಾಗ ರಸ್ತೆಗಿಳಿದು, "ಬನ್ನಿ, ಹಿಂದೆ ಬನ್ನಿ, ಇನ್ನೂ ಜಾಗ ಇದೆ" ಎಂದು ಕೈಯಾಡಿಸಿ ಸಹಾಯ ಮಾಡಿದವನೂ ನಾನೇ. ಕಾರು ಹೋಗಿ ಅವರ ಗೇಟಿಗೇ ಗುದ್ದಿತು, ಆ ವಿಷಯ ಬೇರೆ.

ಇಂಥ ವಿಶಾಲ ಹೃದಯದವನಾದ ನನ್ನ ಮುಂದೆ ಒಂದು ದಿನ ನನ್ನ ಹೆಂಡತಿ ಬಂದು ನಿಂತಳು. ವಯಸ್ಸು ನಲವತ್ತು ದಾಟಿದೆ. ಮಗಳು ಹೈಸ್ಕೂಲಿನಲ್ಲಿದ್ದಾಳೆ. ಕೈಯಲ್ಲಿ ಒಂದು ಅರ್ಜಿ.

"ರೀ, ನಾನು ಕಾಲೇಜಿಗೆ ಸೇರ್ತೀನಿ. ಇಂಟೀರಿಯರ್ ಡಿಸೈನ್. ಒಂದು ವರ್ಷದ ಕೋರ್ಸು."

ನಾನು ಎದ್ದು ನಿಂತೆ. ಇಂಥ ಮಾತನ್ನು ಕೂತು ಹೇಳಬಾರದು.

"ಓದು! ಧಾರಾಳವಾಗಿ ಓದು! ಹೆಂಡತಿ ಮುಂದೆ ಬಂದ್ರೆ ಹೊಟ್ಟೆ ಉರ್ಕೊಳ್ಳೋ ಗಂಡಸು ನಾನಲ್ಲ!"

"ಹೊಟ್ಟೆ ಉರಿ ಮಾತು ಈಗ್ಯಾಕೆ ಬಂತು? ಬೆಳಿಗ್ಗೆ ನಿಮ್ಮ ತಿಂಡಿ ನೀವೇ ಮಾಡ್ಕೋಬೇಕಾಗುತ್ತೆ ಅಂತ ಹೇಳೋಕೆ ಬಂದೆ."

ಹೀಗೆ ನಮ್ಮ ಮನೆಯಲ್ಲಿ ಜ್ಞಾನದ ಯುಗ ಆರಂಭವಾಯಿತು. ಊಟದ ಮೇಜಿನ ಮೇಲೆ ನಕ್ಷೆಗಳ ಸುರುಳಿಗಳು ಬಂದವು, ಊಟ ನೆಲಕ್ಕಿಳಿಯಿತು. ಉದ್ದನೆಯ ಸ್ಕೇಲು, ಕಟ್ಟರ್, ಗೋಂದು, ಥರಾವರಿ ರಟ್ಟು ಮನೆ ತುಂಬಿದವು. ಇವನ್ನೆಲ್ಲ ನಾನು ನಗುನಗುತ್ತಾ ಸಹಿಸಿಕೊಂಡೆ. ಕಚೇರಿಯಲ್ಲಿ, "ನನ್ನ ಹೆಂಡತಿ ಕಾಲೇಜ್ ಸ್ಟೂಡೆಂಟು" ಎಂದು ಹೇಳಿ ಜನ ಬೆಚ್ಚುವುದನ್ನು ನೋಡಿ ಖುಷಿಪಟ್ಟೆ. ಆದರೆ ಸಾಮಾನುಗಳ ಜೊತೆಗೆ ನಮ್ಮ ಮನೆಯೊಳಗೆ ಇನ್ನೊಬ್ಬರು ಬಂದು ಸೇರಿಕೊಂಡಿದ್ದು ನನಗೆ ತಡವಾಗಿ ಗೊತ್ತಾಯಿತು. ಅವರೇ 'ಸರ್'.

"ಸರ್ ಹೇಳ್ತಾರೆ, ಕೋಣೆ ಅಂದ್ರೆ ನಾಲ್ಕು ಗೋಡೆ ಅಲ್ಲ, ಮಧ್ಯದ ಖಾಲಿ ಜಾಗವೇ ಕೋಣೆ ಅಂತ."

"ಇದನ್ನೇ ಅಲ್ವೇನೇ ನಾನು ಮದುವೆ ಆದಾಗಿಂದ ಬಡ್ಕೋತಿರೋದು?"

"ನೀವು ಬಡ್ಕೋತಿರೋದು, ಬೀರುವಿನಲ್ಲಿ ನನ್ನ ಶರ್ಟಿಗೆ ಜಾಗ ಇಲ್ಲ ಅಂತ."

ಬೆಳಿಗ್ಗೆ ಪರದೆ ಸರಿಸಿದರೆ ಸರ್. ದೀಪ ಹಾಕಿದರೆ ಸರ್. "ಸರ್ ಹೇಳ್ತಾರೆ, ಬೆಳಕನ್ನ ಒಳಗೆ ಎಳ್ಕೊಂಡು ಬರಬಾರದು, ಅದಾಗೇ ಬರೋ ಹಾಗೆ ಮಾಡಬೇಕು." ಇಷ್ಟು ವರ್ಷಗಳ ಸಂಸಾರದಲ್ಲಿ ನನ್ನ ಮಾತಿಗೆ ಅವಳಿಂದ 'ಹ್ಞೂಂ' ಎನ್ನುವುದಕ್ಕಿಂತ ಉದ್ದದ ಪ್ರತಿಕ್ರಿಯೆ ಬಂದದ್ದು ನೆನಪಿಲ್ಲ. ಆತನ ಮಾತುಗಳಿಗೆ ಮಾತ್ರ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವುದೊಂದು ಬಾಕಿ ಇತ್ತು. ನನ್ನ ಹೊಟ್ಟೆಯ ಎಡಭಾಗದಲ್ಲಿ ಸಣ್ಣಗೆ ಏನೋ ಚುರ್ರೆಂದಿತು. ನಾನೇ ಮಾಡಿಕೊಂಡ ತಿಂಡಿಯ ಪ್ರಭಾವ ಇರಬಹುದು ಎಂದುಕೊಂಡೆ.

"ನಿಮ್ಮ ಸರ್ ನೋಡೋಕೆ ಹೇಗಿದ್ದಾರೆ?" ಒಂದು ದಿನ ಪತ್ರಿಕೆಯಿಂದ ತಲೆಯೆತ್ತದೆ, ಬಹಳ ಉದಾಸೀನದಿಂದ ಕೇಳಿದೆ.

"ಹೇಗಿದ್ದಾರೆ ಅಂದ್ರೆ? ಸರ್ ಥರ ಇದ್ದಾರೆ."

"ಅಲ್ಲ, ಎತ್ತರ, ಗಿತ್ತರ..."

"ಅವರು ಬೆಳಕಿನ ಬಗ್ಗೆ ಮಾತಾಡೋಕೆ ಶುರು ಮಾಡಿದ್ರೆ ಎತ್ತರ ಯಾರ್ರೀ ನೋಡ್ತಾರೆ? ಮತ್ತೆ ನೀವು ಪತ್ರಿಕೆ ತಲೆಕೆಳಗೆ ಹಿಡ್ಕೊಂಡಿದ್ದೀರಾ."

ಅಲ್ಲಿಗೆ ಖಾತ್ರಿಯಾಯಿತು. ಆತ ಆರಡಿ ಎತ್ತರ. ತೆಳ್ಳಗಿನ ಮೈಕಟ್ಟು. ತಲೆ ತುಂಬ ಗುಂಗುರು ಕೂದಲು. ಒಂದು ಕೈ ಪ್ಯಾಂಟಿನ ಜೇಬಿನಲ್ಲಿ, ಇನ್ನೊಂದರಲ್ಲಿ ಕಾಫಿ ಕಪ್ಪು, ಕಿಟಕಿಯ ಪಕ್ಕದಲ್ಲಿ ನಿಂತು ಮಾತಾಡುವ ಭಂಗಿ. ಇಷ್ಟೆಲ್ಲ ವಿವರ ನನಗೆ ಯಾರೂ ಕೊಟ್ಟಿರಲಿಲ್ಲ. ಹೊಟ್ಟೆಯೊಳಗಿನ ಚುರ್ರೇ ಬರೆದುಕೊಟ್ಟ ಚಿತ್ರ ಅದು.

ಇದರ ನಡುವೆ ಕಾಲೇಜಿನಿಂದ ಒಂದು ಹೊಸ ಸಿದ್ಧಾಂತ ಬಂತು. 'ಕೋಣೆ ಚೆನ್ನಾಗಿ ಕಾಣಬೇಕಾದರೆ ಮೊದಲು ಬೇಡದ್ದನ್ನ ತೆಗೀಬೇಕು.' ಇದೂ ಸರ್ ಹೇಳಿದ್ದೇ! ಅಂದಿನಿಂದ ಮನೆಯ ವಸ್ತುಗಳು ಒಂದೊಂದಾಗಿ ಕಣ್ಮರೆಯಾಗತೊಡಗಿದವು. ಪ್ಲಾಸ್ಟಿಕ್ ಹೂವು ಹೋಯಿತು. ಗಾಜಿನ ಬಾತುಕೋಳಿ ಜೋಡಿ ಹೋಯಿತು. ನಾನು ಬಾಲ್ಯದಿಂದ ಕಾಪಾಡಿಕೊಂಡು ಬಂದ, ಮಾತಾಡದ ರೇಡಿಯೋ ಹೋಯಿತು. ಸಂಜೆ ಮನೆಗೆ ಬಂದರೆ ಇವತ್ತು ಏನೇನು ಇಲ್ಲ ಎಂದು ಎಣಿಸುವುದೇ ನನ್ನ ಕೆಲಸವಾಯಿತು.

ಉಳಿದದ್ದು ನನ್ನ ಆರಾಮ ಕುರ್ಚಿ ಒಂದು. ಅದರ ಬಗ್ಗೆ ಎರಡು ಮಾತು ಹೇಳಲೇಬೇಕು. ಕಿಟಕಿಯಿಂದ ದೂರ, ಬಾಗಿಲಿಗೆ ಅಡ್ಡ, ಎಲ್ಲರೂ ಎಡವುವ ಜಾಗದಲ್ಲಿ ಅದು ಇತ್ತು. ಬಲಗೈ ಇಡುವಲ್ಲಿ ಹರಿದು, ಮಗಳ ಹಳೆಯ ಫ್ರಾಕಿನ ನೀಲಿ ಚೌಕಳಿ ಬಟ್ಟೆಯ ತೇಪೆ ಹಾಕಿಸಿಕೊಂಡಿತ್ತು. ಕೂತರೆ ಕಿರ್ರೆನ್ನುತ್ತಿತ್ತು, ಎದ್ದರೆ ಇನ್ನೂ ಜೋರಾಗಿ ಕಿರ್ರೆನ್ನುತ್ತಿತ್ತು. ನನ್ನ ಹೆಂಡತಿ ಈಗೀಗ ಆ ಕುರ್ಚಿಯನ್ನೂ ಅದರಲ್ಲಿ ಕೂತ ನನ್ನನ್ನೂ ತಲೆಯಿಂದ ಕಾಲಿನವರೆಗೆ ಒಂದು ವಿಚಿತ್ರ ನೋಟದಿಂದ ನೋಡುತ್ತಿದ್ದಳು. ರೇಡಿಯೋ ಹೋಗುವ ಹಿಂದಿನ ವಾರ ಅದನ್ನೂ ಹಾಗೇ ನೋಡಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಕುರ್ಚಿಯಲ್ಲಿ ತೂಕಡಿಸುತ್ತಿದ್ದವನು ಕಣ್ಣುಬಿಟ್ಟರೆ, ನನ್ನ ಎದೆಯ ಮೇಲೆ ಅಳತೆ ಟೇಪು!

"ಏನೇ ಇದು?"

"ಏನಿಲ್ಲ, ಮಲಗಿ ಮಲಗಿ." ಅವಳು ಟೇಪನ್ನು ಸರ್ರನೆ ಒಳಗೆಳೆದುಕೊಂಡು ಅಡುಗೆಮನೆಗೆ ನಡೆದಳು.

ನನ್ನ ನಿದ್ದೆ ಹಾರಿಹೋಯಿತು. ಸಾಗಿಸಬೇಕಾದ ಸಾಮಾನು ಬಾಗಿಲಲ್ಲಿ ಹಿಡಿಯುತ್ತದೋ ಇಲ್ಲವೋ ಎಂದು ತಾನೇ ಅಳತೆ ತೆಗೆದುಕೊಳ್ಳುವುದು?

ವರ್ಷ ಮುಗಿಯುತ್ತಾ ಬಂತು. ಕೊನೆಯ ಪರೀಕ್ಷೆಗೆ ಅವರು ಜ್ಯೂರಿ ಎನ್ನುತ್ತಾರೆ. ವಿದ್ಯಾರ್ಥಿ ಒಂದು ಮನೆಯ ಒಳಾಂಗಣವನ್ನು ಹೊಸದಾಗಿ ಯೋಚಿಸಿ, ರಟ್ಟಿನಲ್ಲಿ ಅದರ ಪುಟ್ಟ ಮಾಡೆಲ್ ಕಟ್ಟಿ, ಪರೀಕ್ಷಕರ ಮುಂದೆ ನಿಂತು ಸಮರ್ಥಿಸಿಕೊಳ್ಳಬೇಕು. ನನ್ನ ಹೆಂಡತಿ ಆರಿಸಿಕೊಂಡದ್ದು ನಮ್ಮ ಮನೆಯನ್ನೇ. ತಿಂಗಳುಗಟ್ಟಲೆ ಕಣ್ಣು ಕಿರಿದು ಮಾಡಿಕೊಂಡು, ಬೆರಳಿಗೆ ಪಟ್ಟಿ ಸುತ್ತಿಕೊಂಡು ಕಟ್ಟಿದಳು. ಜ್ಯೂರಿಯ ಹಿಂದಿನ ದಿನ ಮೇಜಿನ ಮೇಲೆ ಮನೆ ಸಿದ್ಧವಾಗಿ ನಿಂತಿತು. ಬಾಗಿಲು, ಕಿಟಕಿ, ಹಿಂದಿನ ಬಾಲ್ಕನಿ, ಮೇಲೊಂದು ಎತ್ತಿ ಇಡಬಹುದಾದ ಸೂರು.

"ಇದರಲ್ಲಿ ಪಾಸಾದ್ರೆ ಕೋರ್ಸು ಮುಗೀತು. ಇಲ್ಲಾಂದ್ರೆ ಇನ್ನೊಂದು ವರ್ಷ. ಇದನ್ನ ಯಾರೂ ಮುಟ್ಟಬಾರದು. ಯಾರೂ ಅಂದ್ರೆ ನೀವು."

ಮುಟ್ಟಬಾರದು ಅಂದಳೇ ಹೊರತು ನೋಡಬಾರದು ಅನ್ನಲಿಲ್ಲ. ನಾನು ಬಗ್ಗಿ, ಹೆಬ್ಬೆಟ್ಟಿನಗಲದ ಒಂದು ಕಿಟಕಿಗೆ ಕಣ್ಣು ಹಚ್ಚಿದೆ. ಒಳಗೆ ನಮ್ಮ ನಡುಮನೆ! ಸೋಫಾ ಇತ್ತು. ಪುಸ್ತಕದ ಕಪಾಟು ಇತ್ತು. ಮಗಳ ಮೇಜಿತ್ತು. ನನ್ನ ಕುರ್ಚಿ? ಬಾಗಿಲಿಗೆ ಅಡ್ಡ ಇರಲಿಲ್ಲ. ಆಚೆ ಮೂಲೆಯಲ್ಲಿ ಇರಲಿಲ್ಲ. ಬಾಲ್ಕನಿಯಲ್ಲೂ ಇರಲಿಲ್ಲ.

ಅದಕ್ಕಿಂತ ಘೋರ ದೃಶ್ಯ ಕಿಟಕಿಯ ಪಕ್ಕದಲ್ಲೇ ಕಾದಿತ್ತು. ಅಲ್ಲೊಬ್ಬ ಗಂಡಸು ನಿಂತಿದ್ದ! ರಟ್ಟಿನವನು, ಕಿರುಬೆರಳಿನ ಅರ್ಧದಷ್ಟು ಉದ್ದ. ಆದರೆ ಗಂಡಸು! ತೆಳ್ಳಗೆ ಕಡ್ಡಿಯಂತಿದ್ದ. ತಲೆಯ ಮೇಲೆ ಸೊಂಪಾದ ಗುಂಗುರು ಕೂದಲು. ಒಂದು ಕೈ ಜೇಬಿನಲ್ಲಿ. ನಿಜ ಹೇಳಬೇಕೆಂದರೆ ನನಗೆ ಕೈಯೇ ಕಾಣುತ್ತಿರಲಿಲ್ಲ, ಕಾಣದ ಕೈ ಜೇಬಿನಲ್ಲಲ್ಲದೆ ಇನ್ನೆಲ್ಲಿರುತ್ತದೆ?

"ಪುಟ್ಟೀ! ಬಾ ಇಲ್ಲಿ! ಯಾರು ಇವನು?"

ಮಗಳು ಬಂದು ಬಗ್ಗಿ ನೋಡಿದಳು. "ಅದಾ? ಅಳತೆ ಮನುಷ್ಯ."

"ಯಾವ ಅಳತೆ? ಯಾವ ಮನುಷ್ಯ?"

"ಮಾಡೆಲ್ ಒಳಗೆ ಒಬ್ಬ ಮನುಷ್ಯ ಇರಲೇಬೇಕಂತೆ ಅಪ್ಪಾ. ಅವನ ಪಕ್ಕ ಇಟ್ಟು ನೋಡಿದ್ರೇನೇ ಬಾಗಿಲು ಎಷ್ಟೆತ್ತರ, ಕಪಾಟು ಎಷ್ಟೆತ್ತರ ಅಂತ ಗೊತ್ತಾಗೋದಂತೆ."

"ಅವನು ನಮ್ಮ ಮನೇಲೇ ಯಾಕೆ ನಿಂತಿದ್ದಾನೆ?"

"ಇದು ನಮ್ಮ ಮನೆ ಮಾಡೆಲ್ ಅಲ್ವಾ? ಪಕ್ಕದ ಮನೇಲಿ ನಿಲ್ಲಿಸೋಕಾಗುತ್ತಾ?"

ಹೆಂಡತಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ನಕ್ಷೆಗಳ ದೊಡ್ಡ ಪ್ರಿಂಟು ಹಾಕಿಸಲು ತಾಯಿ ಮಗಳು ಅಂಗಡಿಗೆ ಹೊರಟಿದ್ದರು. ನಾನು ಧ್ವನಿಯನ್ನು ಹದವಾಗಿಟ್ಟುಕೊಂಡು ಕೇಳಿದೆ:

"ನನ್ನ ಕುರ್ಚಿ ಎಲ್ಲಿ?"

"ಎಲ್ಲಿರಬೇಕೋ ಅಲ್ಲಿದೆ."

ಬಾಗಿಲು ಮುಚ್ಚಿತು. ಎಲ್ಲಿರಬೇಕೋ ಅಲ್ಲಿ! ಗಾಜಿನ ಬಾತುಕೋಳಿಗಳೂ ಎಲ್ಲಿರಬೇಕೋ ಅಲ್ಲೇ ಇವೆ, ಗುಜರಿ ಅಂಗಡಿಯಲ್ಲಿ! ನನ್ನ ಮನೆ, ನನ್ನ ಕಿಟಕಿ, ನನ್ನ ಹೆಂಡತಿ ಮಾಡಿದ ನಡುಮನೆ. ಅದರಲ್ಲಿ ನನಗೊಂದು ಕುರ್ಚಿಯಿಲ್ಲ, ಆ ಕಡ್ಡಿ ಆಸಾಮಿ ಮಾತ್ರ ಯಜಮಾನನ ಗತ್ತಿನಲ್ಲಿ ನಿಂತಿದ್ದಾನೆ. ಹೌದು, ಒಪ್ಪಿಕೊಳ್ಳುತ್ತೇನೆ, ಹೊಟ್ಟೆ ಉರಿಯಿತು. ಚುರ್ರೆನ್ನುವುದೆಲ್ಲ ಹಳೆಯ ಮಾತು, ಈಗ ಧಗಧಗನೆ ಉರಿಯಿತು. ಒಬ್ಬ ಮನುಷ್ಯ ಬೇಕೇ ಬೇಕು ಅಂದಮೇಲೆ ನಾನೇನು ಮನುಷ್ಯನಲ್ಲವೇ?

ನನ್ನ ಬಳಿ ಒಂದು ಫೋಟೋ ಇತ್ತು. ಕಚೇರಿಯ ವಾರ್ಷಿಕೋತ್ಸವದಲ್ಲಿ ಪಕ್ಕದ ಮೇಜಿನವನ ಕೋಟು ಎರವಲು ತೊಟ್ಟು, ಉತ್ತಮ ನೌಕರನ ಫಲಕ ಹಿಡಿದು ತೆಗೆಸಿಕೊಂಡದ್ದು. ಪಾದದಿಂದ ತಲೆಯವರೆಗೆ ಪೂರ್ತಿ ಬಂದಿದ್ದೆ. ಕತ್ತರಿಯಿಂದ ನನ್ನನ್ನು ಬಿಡಿಸಿಕೊಂಡು ಹಿಂಬದಿಗೆ ರಟ್ಟು ಹಚ್ಚಿದೆ. ಆಸಾಮಿಯ ಪಕ್ಕ ಹಿಡಿದು ನೋಡಿದರೆ ನಾನು ಅವನ ಎರಡು ಪಟ್ಟು! ಆ ಕ್ಷಣದಲ್ಲಿ ಆದ ಆನಂದ ವರ್ಣಿಸಲಾರೆ. ಸೂರಿನ ಕೆಳಗೆ ನಾನು ಹಿಡಿಸುವುದಿಲ್ಲ ಎಂಬ ಸಣ್ಣ ತೊಡಕು ಇತ್ತು. ಮಂಡಿಯ ಕೆಳಗಿನದನ್ನು ಕತ್ತರಿಸಿ ತೆಗೆದೆ. ಸೋಫಾದ ಹಿಂದೆ ನಿಲ್ಲಿಸಿದರೆ ಕಾಲು ಯಾರಿಗೆ ಕಾಣುತ್ತದೆ?

ಇನ್ನು ಅಂಟಿಸುವ ಕಾರ್ಯ. ಯಾರೂ ಕೀಳಲಾಗದಂತೆ ನಿಲ್ಲಬೇಕೆಂದು, ಮುಟ್ಟಿದ ಕೂಡಲೇ ಹಿಡಿದುಬಿಡುವ ಗೋಂದಿನ ಪುಟ್ಟ ಟ್ಯೂಬನ್ನು ಅವಳ ಪೆಟ್ಟಿಗೆಯಿಂದ ತೆಗೆದೆ. ಒತ್ತಿದೆ, ಬರಲಿಲ್ಲ. ಟ್ಯೂಬಿನ ಬಾಯಿಯ ಹತ್ತಿರ ಏನು ತುಂಬಿಕೊಂಡಿದೆ ಎಂದು ಕಣ್ಣ ಮುಂದೆ ಹಿಡಿದು ಇನ್ನೊಮ್ಮೆ ಒತ್ತಿದೆ. ಬಂತು! ನೇರವಾಗಿ ಕನ್ನಡಕದ ಎರಡೂ ಗಾಜಿನ ಮೇಲೆ! ಒರೆಸಿದೆ. ಕರವಸ್ತ್ರ ಕನ್ನಡಕಕ್ಕೆ ಅಂಟಿಕೊಂಡಿತು. ಕನ್ನಡಕ, ಕರವಸ್ತ್ರ ಎರಡನ್ನೂ ಒಂದೇ ವಸ್ತುವಾಗಿ ಕೆಳಗಿಟ್ಟು, ಮಂಜು ಮಂಜಾದ ಲೋಕದಲ್ಲಿ ಯುದ್ಧ ಮುಂದುವರಿಸಿದೆ.

ಸೂರು ಎತ್ತಿದರೆ ಗುರುತು ಸಿಕ್ಕೀತೆಂದು ಬಾಲ್ಕನಿಯ ಕಡೆಯಿಂದ ಕೈ ತೂರಿಸಿದೆ. ಹೆಂಡತಿಯ ಹುಬ್ಬು ಕೀಳುವ ಚಿಮಟದಿಂದ ಆಸಾಮಿಯ ಸೊಂಟ ಹಿಡಿದು ಎಳೆದೆ. ಪಟ್ ಎಂದು ಬಂದ. ಅವನ ಮುಖ ನೋಡುವ ಇಚ್ಛೆಯೂ ನನಗಿರಲಿಲ್ಲ, ನೋಡಿದರೂ ಕಾಣುವ ಸ್ಥಿತಿಯೂ ಇರಲಿಲ್ಲ. ಆಮೇಲೆ ವಿಚಾರಿಸಿಕೊಳ್ಳೋಣ ಎಂದು ಅಂಗಿಯ ಜೇಬಿಗೆ ಇಳಿಸಿದೆ. ಬಳಿಕ ನನ್ನನ್ನು ಒಳಗೆ ಕೊಂಡೊಯ್ದು ಸೋಫಾದ ಹಿಂದೆ ಪ್ರತಿಷ್ಠಾಪಿಸಿದೆ. ಗಟ್ಟಿಯಾಗಿ ನಿಂತೆ!

ಕೈ ಹೊರಗೆ ತೆಗೆಯುವಾಗ ಬಲಗೈ ಹೆಬ್ಬೆರಳು ಕಿಟಕಿಯ ಕೆಳಗೆ ಏನಕ್ಕೋ ತಗುಲಿತು. ಎಳೆದೆ. ಅದೂ ಬಂತು. ಬೆರಳಿನ ಜೊತೆಗೇ ಬಂತು! ಕಡಲೆಯಷ್ಟಿದ್ದ ಏನೋ ಒಂದು ಪೆಟ್ಟಿಗೆಯಂಥದ್ದು ಹೆಬ್ಬೆರಳ ತುದಿಯನ್ನು ಅಪ್ಪಿ ಹಿಡಿದಿತ್ತು. ಸೋಪು ಹಚ್ಚಿದೆ. ಎಣ್ಣೆ ಹಚ್ಚಿದೆ. ಬಿಸಿನೀರಿನಲ್ಲಿ ಅದ್ದಿ "ಅಯ್ಯಯ್ಯೋ" ಎಂದೆ. ಬೆರಳು ಕೆಂಪಾಯಿತೇ ಹೊರತು ಅದು ಬಿಡಲಿಲ್ಲ. ಅಷ್ಟರಲ್ಲಿ ಬಾಗಿಲ ಸದ್ದಾಯಿತು. ಕೈ ಪ್ಯಾಂಟಿನ ಜೇಬಿಗೆ ಹೋಯಿತು.

ಹೆಂಡತಿ ದಣಿದು ಬಂದಿದ್ದಳು. ಸೂರಿಗೆ ಸುತ್ತಲೂ ಟೇಪು ಹಚ್ಚಿ, ಇಡೀ ಮಾಡೆಲ್ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಕವುಚಿಟ್ಟಳು. ಊಟಕ್ಕೆ ಕೂತಾಗ ನನ್ನನ್ನೇ ನೋಡಿದಳು.

"ಯಾಕ್ರೀ ಒಂದು ಕೈ ಜೇಬಲ್ಲೇ ಇದೆ?"

"ಸ್ಟೈಲು!"

"ಊಟ ಮಾಡೋವಾಗ?"

"ಯಾಕೆ, ಜೇಬಲ್ಲಿ ಕೈ ಇಟ್ಕೊಳ್ಳೋದು ಬೇರೆಯವರಿಗೆ ಮಾತ್ರ ಒಪ್ಪುತ್ತಾ?"

ಅವಳು ಮಗಳ ಮುಖ ನೋಡಿದಳು, ಮಗಳು ತಟ್ಟೆ ನೋಡಿಕೊಂಡಳು. ಹೆಬ್ಬೆರಳಿಲ್ಲದೆ ಗುಂಡಿ ಬಿಚ್ಚಲು ಬಾರದೆ ನಾನು ಅದೇ ಅಂಗಿಯಲ್ಲಿ ಮಲಗಿದೆ, ಅದೇ ಅಂಗಿಯಲ್ಲಿ ಎದ್ದೆ, ಅದೇ ಅಂಗಿಯಲ್ಲಿ ಜ್ಯೂರಿಗೆ ಹೊರಟೆ. ಕನ್ನಡಕ ಕರವಸ್ತ್ರದ ಪಾಲಾದ್ದರಿಂದ ಮೂಗಿನ ಮೇಲೆ ಹಳೆಯದೊಂದನ್ನು ಏರಿಸಿದ್ದೆ. ಮನೆಯವರಿಗೂ ಆ ದಿನ ಪ್ರವೇಶವಿತ್ತು.

ಕಾಲೇಜಿನ ದೊಡ್ಡ ಕೋಣೆಯಲ್ಲಿ ಸಾಲಾಗಿ ಮೇಜುಗಳು, ಮೇಲೆ ರಟ್ಟಿನ ಮನೆಗಳು, ಪಕ್ಕದಲ್ಲಿ ಬಣ್ಣಗೆಟ್ಟ ಮುಖದ ವಿದ್ಯಾರ್ಥಿಗಳು. ನನ್ನ ಹೆಂಡತಿಯ ವಯಸ್ಸಿನ ಅರ್ಧದವರು ಎಲ್ಲರೂ. ಒಬ್ಬಳು ಹುಡುಗಿ ಬಂದು ಅವಳ ಕೈ ಹಿಡಿದು, "ಆಂಟಿ, ನೀವೇ ಫಸ್ಟು ಬಿಡಿ" ಎಂದಳು. ಅವಳು ನಕ್ಕಳು. ಎಷ್ಟು ಕಾಲದಿಂದ ನಾನು ನೋಡಿರದ ನಗು ಅದು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

"ಸರ್ ಬಂದ್ರು," ಎಂದಳು ಮೆಲ್ಲಗೆ.

ನಾನು ಎದೆ ಸೆಟೆಸಿ, ಹೊಟ್ಟೆ ಒಳಗೆಳೆದುಕೊಂಡು ತಿರುಗಿದೆ. ಎತ್ತರದಲ್ಲಿ ಯಾರೂ ಇರಲಿಲ್ಲ. ನೋಟವನ್ನು ಇಳಿಸುತ್ತಾ ಬಂದೆ. ನನ್ನ ಭುಜದ ಮಟ್ಟದಲ್ಲಿ ಒಂದು ಬೋಳು ತಲೆ ಸಿಕ್ಕಿತು. ಮಾಸಿದ ಸ್ವೆಟರು, ದಾರ ಕಟ್ಟಿದ ಕನ್ನಡಕ, ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಕೆಮ್ಮಿನ ಮಾತ್ರೆ. ನನ್ನ ಮಾವನಿಗೆ ಅಣ್ಣನಾಗುವ ವಯಸ್ಸು.

"ಇವರೇ ನಮ್ಮ ಸರ್."

ಒಂದಿಡೀ ವರ್ಷ ಈ ಮುದುಕರ ಮೇಲೆ ನಾನು ಸುರಿದ ಹೊಟ್ಟೆಕಿಚ್ಚನ್ನು ಯಾರು ವಾಪಸು ಕೊಡುತ್ತಾರೆ? ನಿಟ್ಟುಸಿರು ಬಿಟ್ಟೆ. ಅರ್ಧ ಬಿಡುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡಿತು. ಹಾಗಾದರೆ ಆ ಗುಂಗುರು ಕೂದಲಿನವನು ಯಾರು? ಕೋಣೆಯಲ್ಲಿದ್ದ ತೆಳ್ಳಗಿನವರನ್ನೆಲ್ಲ ಕಣ್ಣಿನಲ್ಲೇ ಜಾಲಾಡಿದೆ. ಬಾಗಿಲ ಕಾವಲುಗಾರನ ಮೇಲೂ ಅನುಮಾನ ಬಂತು. ಗೋಡೆಯ ಮೇಲಿದ್ದ ಕಾಲೇಜಿನ ಸ್ಥಾಪಕರ ಪಟದ ಮೇಲೂ ಬಂತು.

ಸರ್ ಜೊತೆ ಹೊರಗಿನಿಂದ ಬಂದ ಒಬ್ಬ ಪರೀಕ್ಷಕಿ ಇದ್ದರು. ಕೂದಲು ಗಿಡ್ಡ, ಮಾತು ಅದಕ್ಕಿಂತ ಗಿಡ್ಡ. "ಹೇಳಿ" ಎಂದರು.

ನನ್ನ ಹೆಂಡತಿ ಗಂಟಲು ಸರಿಮಾಡಿಕೊಂಡಳು.

"ಎಲ್ಲರೂ ಪುಸ್ತಕದಲ್ಲಿರೋ ಸಿದ್ಧ ಅಳತೆ ತಗೊಂಡು ಮನೆ ಮಾಡ್ತಾರೆ ಮೇಡಂ. ಆ ಅಳತೆಯ ಮನುಷ್ಯನನ್ನ ನಾನು ಇಲ್ಲೀವರೆಗೆ ಎಲ್ಲೂ ನೋಡಿಲ್ಲ. ಅದಕ್ಕೇ ನಾನು ಒಬ್ಬರನ್ನೇ ಅಳೆದೆ. ಮನೇಲಿ ಓಡಾಡುವಾಗ, ಕೂತಾಗ, ನಿದ್ದೆ ಮಾಡುವಾಗ ಅಳೆದೆ. ಅವರು ಕೈ ಎತ್ತಿದ್ರೆ ಎಲ್ಲಿಗೆ ನಿಲುಕುತ್ತೋ ಅಲ್ಲೇ ಮೇಲಿನ ಕಪಾಟು. ಕತ್ತಲಲ್ಲಿ ಗೋಡೆ ತಡಕಾಡುವಾಗ ಅವರ ಕೈ ಎಲ್ಲಿಗೆ ಬೀಳುತ್ತೋ ಅಲ್ಲೇ ಸ್ವಿಚ್ಚು. ಅವರು ಪತ್ರಿಕೆ ಓದೋಕೆ ಕೂತಾಗ ಬೆಳಕು ಎಡ ಭುಜದ ಮೇಲಿಂದ ಬರೋ ಹಾಗೆ ಕಿಟಕಿ ಇಳಿಸಿದ್ದೀನಿ. ಇಡೀ ಮನೆ ಅಳತೆ ಈ ಒಬ್ಬ ವ್ಯಕ್ತಿಯ ಮೇಲೆ ನಿಂತಿದೆ. ನೋಡಿ."

ನನ್ನ ಕಿವಿ ಕಾದುಹೋಯಿತು. ಯಾರಪ್ಪಾ ಈ ಭಾಗ್ಯವಂತ? ನಿದ್ದೆ ಮಾಡುವಾಗ ಬೇರೆ ಅಳೆದಳಂತೆ! ಅಂಟು ಟೇಪು ಬಿಚ್ಚಿ ಅವಳು ಸೂರು ಎತ್ತಿದಳು.

ಸೋಫಾದ ಹಿಂದೆ ನಾನಿದ್ದೆ. ಕೋಟು ತೊಟ್ಟು, ಹಲ್ಲು ಬಿಟ್ಟು, ಬಾಗಿಲಿಗಿಂತ ತಲೆಯಷ್ಟು ಎತ್ತರಕ್ಕೆ ಬೆಳೆದು, ಫಲಕವನ್ನು ಮುಂದೆ ಚಾಚಿ ನಿಂತಿದ್ದೆ.

"ಇವರು ಕೈಯಲ್ಲಿ ಫ್ರಿಜ್ ಹಿಡ್ಕೊಂಡಿದ್ದಾರಾ?" ಪರೀಕ್ಷಕಿ ಕೇಳಿದರು.

"ಬಾಗಿಲಿಂದ ಒಳಗೆ ಬಂದದ್ದು ಹೇಗೆ?" ಹಿಂದಿನಿಂದ ಯಾರೋ ಅಂದರು.

ಸರ್ ಕನ್ನಡಕ ಏರಿಸಿ ಬಗ್ಗಿದರು. "ಇವರನ್ನ ಮೊದಲು ನಿಲ್ಲಿಸಿ ಆಮೇಲೆ ಸುತ್ತ ಗೋಡೆ ಕಟ್ಟಿರಬೇಕು. ಕಾಲು ಕಾಣ್ತಿಲ್ಲ. ಕೆಳಗಿನ ಮನೆಯವರ ಕಡೆ ಇಳಿಬಿಟ್ಟಿರಬಹುದು."

ಎಲ್ಲರೂ ನಕ್ಕರು, ನನ್ನ ಹೆಂಡತಿ ನಗಲಿಲ್ಲ. ಅವಳು ಒಮ್ಮೆ ಮಾಡೆಲ್ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಎತ್ತಿದ ಸೂರನ್ನು ಎಲ್ಲಿಡುವುದೆಂದು ತಿಳಿಯದೆ ಎದೆಗೆ ಅಪ್ಪಿಕೊಂಡಳು.

"ಅಮ್ಮಾ," ಸರ್ ಈಗ ಮೃದುವಾಗಿ ಹೇಳಿದರು, "ಅಳತೆ ಮನುಷ್ಯ ಇಲ್ಲದೆ ಈ ಮನೆ ಸರಿಯೋ ತಪ್ಪೋ ಹೇಳೋಕಾಗಲ್ಲ. ಇವರ ಪಕ್ಕ ನೋಡಿದ್ರೆ ಎಲ್ಲಾ ತಪ್ಪು. ಬಾಗಿಲೂ ತಪ್ಪು, ಕಪಾಟೂ ತಪ್ಪು. ಅಂಕ ಹೇಗೆ ಕೊಡಲಿ?"

ಅವಳ ತಿಂಗಳುಗಟ್ಟಲೆಯ ಶ್ರಮ, ಪಟ್ಟಿ ಸುತ್ತಿದ ಬೆರಳುಗಳು, ಇನ್ನೊಂದು ವರ್ಷ. ನನ್ನ ಹೊಟ್ಟೆಯ ಬೆಂಕಿಯೆಲ್ಲ ಒಂದೇ ಏಟಿಗೆ ಆರಿ, ಒಳಗೆ ತಣ್ಣಗಾಯಿತು. ಸುಮ್ಮನೆ ಬಾಗಿಲ ಕಡೆ ಸರಿಯಬಹುದಿತ್ತು. ಆದರೆ ಅವಳು ಸೂರು ಅಪ್ಪಿಕೊಂಡು ನಿಂತದ್ದು ನೋಡಿ ಆಗಲಿಲ್ಲ.

"ನಾನು... ನನ್ನದೇ ತಪ್ಪು!" ಎಂದು ಕೈ ಎತ್ತಿದೆ. ಗಡಿಬಿಡಿಯಲ್ಲಿ ಎತ್ತಿದ್ದು ಜೇಬಿನಲ್ಲಿದ್ದ ಕೈ.

"ಅಮ್ಮಾ!" ಮಗಳು ಕಿರುಚಿದಳು. "ಅಪ್ಪನ ಹೆಬ್ಬೆರಳಲ್ಲಿ ಅಪ್ಪನ ಕುರ್ಚಿ!"

ಆಗಲೇ ನಾನು ಅದನ್ನು ಕನ್ನಡಕದ ಮೂಲಕ ಸರಿಯಾಗಿ ನೋಡಿದ್ದು. ಹೌದು, ಕುರ್ಚಿ! ನನ್ನದೇ ಆರಾಮ ಕುರ್ಚಿ! ಬಲಗೈ ಇಡುವಲ್ಲಿ ಎಳ್ಳಿನಷ್ಟು ನೀಲಿ ಚೌಕಳಿ ತೇಪೆ. ಬಾಗಿಲಿಂದ ತೆಗೆದು ಅದನ್ನವಳು ಕಿಟಕಿಯ ಕೆಳಗೆ, ಬೆಳಕಿನ ಪಕ್ಕಕ್ಕೆ ತಂದಿಟ್ಟಿದ್ದಳು. ಅದೇ ಕಿಟಕಿಗೆ ಕಣ್ಣು ಹಚ್ಚಿ ಇಡೀ ಮನೆ ಹುಡುಕಿದವನಿಗೆ, ಕಣ್ಣ ಕೆಳಗೇ ಇದ್ದದ್ದು ಕಂಡಿರಲಿಲ್ಲ.

"ಇಲ್ಲಿ ನಿಂತಿದ್ದವರು ಎಲ್ಲಿ?" ಹೆಂಡತಿಯ ಧ್ವನಿ ಸಣ್ಣಗಿತ್ತು, ಹರಿತವಾಗಿತ್ತು.

ಎಡಗೈಯಿಂದ ಅಂಗಿಯ ಜೇಬು ತಡಕಿ ಆಸಾಮಿಯನ್ನು ತೆಗೆದೆ. ಅವನ ತಲೆಯ ಗುಂಗುರು ಕೂದಲು ಉದುರಿ ನೆಲಕ್ಕೆ ಬಿತ್ತು. ಅದು ಕಿಟಕಿಯ ಪಕ್ಕ ಅವನ ತಲೆಗೆ ತಾಗಿಕೊಂಡು ನಿಂತಿದ್ದ ಸ್ಪಂಜಿನ ಗಿಡದ ಚೂರು! ಕೆಳಗೆ ಬೋಳು ತಲೆ. ಅವನನ್ನು ಅಗಲಕ್ಕೆ ತಿರುಗಿಸಿದೆ. ಪಕ್ಕದಿಂದ ನೋಡಿದರೆ ಯಾವ ರಟ್ಟಿನವನೂ ತೆಳ್ಳಗೇ ಇರುತ್ತಾನೆ ಎಂಬ ಸತ್ಯ ನನಗೆ ಹೊಳೆದದ್ದು ಆಗ. ಮುಂದಿನಿಂದ ಅವನಿಗೆ ದುಂಡಗಿನ ಹೊಟ್ಟೆ ಇತ್ತು. ಜೇಬಿನಲ್ಲಿದೆ ಎಂದುಕೊಂಡಿದ್ದ ಕೈ ಸೊಂಟದ ಮೇಲಿತ್ತು. ಕತ್ತು ಮುಂದೆ ಚಾಚಿತ್ತು. ನನ್ನ ಸಾಮಾನು ಎಲ್ಲಿ ಎಂದು ನಾನು ಮನೆಯಲ್ಲಿ ಜಗಳಕ್ಕೆ ನಿಲ್ಲುವ ಭಂಗಿ ಅದೇ.

ಎಲ್ಲರೂ ಅವನನ್ನು ನೋಡಿದರು. ನನ್ನನ್ನು ನೋಡಿದರು. ಆ ಹೊತ್ತಿಗೆ ನಾನೂ ಒಂದು ಕೈ ಸೊಂಟದ ಮೇಲಿಟ್ಟು, ಕತ್ತು ಚಾಚಿಯೇ ನಿಂತಿದ್ದೆ.

ಸರ್ ಕೊರಳ ಟೇಪು ತೆಗೆದರು. ಮೊದಲು ರಟ್ಟಿನವನನ್ನು ಅಳೆದರು. ಬಳಿಕ ನನ್ನ ಎತ್ತರ ಅಳೆದರು, ಎತ್ತಿದ ಕೈ ಅಳೆದರು, ಕೊನೆಗೆ ಸೊಂಟದ ಸುತ್ತಲೂ ಟೇಪು ತಂದು ಸ್ವಲ್ಪ ಹೊತ್ತು ಎರಡು ತುದಿ ಸೇರಿಸಲು ಹೆಣಗಾಡಿದರು.

"ಎಲ್ಲಾ ಸರಿಯಾಗಿದೆ," ಎಂದರು. "ಹೊಟ್ಟೆ ಕೂಡ."

ನನ್ನ ಹೆಂಡತಿ ಕಟ್ಟರ್ ತೆಗೆದುಕೊಂಡು, ಸೋಫಾದ ಹಿಂದಿನ ಉತ್ತಮ ನೌಕರನನ್ನು ಸೊಂಟಕ್ಕೆ ಕೊಯ್ದು ಆಚೆಗಿಟ್ಟಳು. ಅಷ್ಟು ಸಮಾಧಾನವಾಗಿ ಕೊಯ್ದದ್ದು ನೋಡಿ ನನಗೆ ಬೆವರು ಬಂತು. ಆಸಾಮಿ ಮತ್ತೆ ಕಿಟಕಿಯ ಪಕ್ಕದ ತನ್ನ ಸ್ಥಾನಕ್ಕೆ ಬಂದ. ಬಾಗಿಲು ಸರಿಯಾಯಿತು, ಕಪಾಟು ಸರಿಯಾಯಿತು. ಅಂಗೈಯಗಲದ ನಡುಮನೆ ನೋಡನೋಡುತ್ತಿದ್ದಂತೆ ನಮ್ಮ ಮನೆಯಾಯಿತು.

"ಕುರ್ಚಿ?" ಎಂದರು ಪರೀಕ್ಷಕಿ. "ಕುರ್ಚಿ ಇಲ್ಲದೆ ಈ ಕಿಟಕಿ ಇಷ್ಟು ಕೆಳಗೆ ಯಾಕಿದೆ ಅಂತ ಹೇಗೆ ಗೊತ್ತಾಗಬೇಕು?"

ಎಳೆದರು, ಬರಲಿಲ್ಲ. ಹೆಂಡತಿ ಎಳೆದಳು. ಮಗಳು ಎಳೆದಳು. ನಾನು ಕೂಗಿದೆ.

"ಬೇಡ, ಮುರಿಯುತ್ತೆ," ಎಂದರು ಸರ್. ನನ್ನ ಬೆರಳಿನ ಬಗ್ಗೆ ಹೇಳಿದರೆಂದು ಒಂದು ಕ್ಷಣ ಕೃತಜ್ಞತೆ ಉಕ್ಕಿತು. "ಕುರ್ಚಿ ಬಹಳ ನಾಜೂಕಾಗಿ ಮಾಡಿದ್ದಾರೆ. ನೀವು ಒಂದು ಕೆಲಸ ಮಾಡಿ, ಬಾಲ್ಕನಿ ಕಡೆಯಿಂದ ಬೆರಳು ಒಳಗಿಟ್ಟು, ಕುರ್ಚಿ ಜಾಗದಲ್ಲಿ ಹಿಡ್ಕೊಂಡು ನಿಂತಿರಿ."

ನಿಂತೆ. ಬೆನ್ನು ಬಗ್ಗಿಸಿ, ಮುಖವನ್ನು ಮೇಜಿನಂಚಿಗೆ ಆನಿಸಿ, ಹೆಬ್ಬೆರಳನ್ನು ನಡುಮನೆಯಲ್ಲಿಟ್ಟು ನಿಂತೆ. ಯಾವ ಮನೆಯಲ್ಲಿ ಜಾಗವಿಲ್ಲವೆಂದು ಹೊಟ್ಟೆ ಉರಿದುಕೊಂಡೆನೋ ಆ ಮನೆಯ ಅತ್ಯುತ್ತಮ ಜಾಗ ನನಗೆ ಸಿಕ್ಕಿತ್ತು. ಎಡ ಭುಜದ ಮೇಲಿಂದ ಬೆಳಕು ನಿಜಕ್ಕೂ ಚೆನ್ನಾಗಿ ಬರುತ್ತಿತ್ತು. ಜ್ಯೂರಿ ಮುಗಿಯಿತು. ಹೆಂಡತಿ ಪಾಸಾದಳು, ಅದೂ ಎಲ್ಲರಿಗಿಂತ ಮೇಲೆ. ಜನ ಚಪ್ಪಾಳೆ ತಟ್ಟಿದರು. ನನಗೆ ತಟ್ಟಲು ಒಂದೇ ಕೈ ಇದ್ದುದರಿಂದ ಮೇಜು ತಟ್ಟಿದೆ. "ಮೇಜು ಅಲುಗಾಡಿಸಬೇಡಿ!" ಎಂದು ಮೂರು ದಿಕ್ಕಿನಿಂದ ಬೈಸಿಕೊಂಡೆ.

ಹೊರಡುವ ಮುನ್ನ ಪರೀಕ್ಷಕಿ ಇನ್ನೊಮ್ಮೆ ನಮ್ಮ ಮೇಜಿನ ಬಳಿ ನಿಂತರು. ತಲೆ ಓರೆ ಮಾಡಿ ಮನೆಯ ಒಳಗೆಲ್ಲ ನೋಡಿ, ಕೊನೆಗೆ ನನ್ನ ಹೆಬ್ಬೆರಳ ಮೇಲೆ ದೃಷ್ಟಿ ನೆಟ್ಟರು.

"ಎಲ್ಲಾ ಚೆನ್ನಾಗಿದೆ. ಇದೊಂದು ಮಾತ್ರ ಕಣ್ಣಿಗೆ ಹೊಡೆಯುತ್ತೆ. ಬೇಡದ್ದನ್ನ ಮೊದಲು ತೆಗೀಬೇಕು ಅಂತ ನಿಮ್ಮ ಸರ್ ಹೇಳಿಕೊಟ್ಟಿಲ್ವಾ?"

ನನ್ನ ಹೆಂಡತಿ ಬಗ್ಗಿ ನನ್ನ ಮುಖ ನೋಡಿದಳು. ಬೆಳಿಗ್ಗೆ ಆ ಹುಡುಗಿಗೆ ಕೊಟ್ಟ ನಗು, ಈಗ ನನ್ನ ಕಡೆ ತಿರುಗಿತು.

"ಮದುವೆ ಆದಾಗಿಂದ ನೋಡ್ತಾ ಇದ್ದೀನಿ ಮೇಡಂ," ಎಂದಳು. "ಅಂಟಿಕೊಂಡುಬಿಟ್ಟಿದೆ."